ಸ್ಕೂಟರ್ ರಾಣಿಗೆ ಬ್ರೇಕ್ ಹಾಕಹೋದದ್ದು

ನನ್ನ ಹೆಂಡತಿಗೆ ಅರವತ್ತಾರು ವರ್ಷ. ಇದನ್ನು ನಾನು ಹೀಗೆ ಅಚ್ಚಿನಲ್ಲಿ ಹಾಕಿಸಿದೆನೆಂದು ಅವಳಿಗೆ ಗೊತ್ತಾದರೆ ನನಗೆ ಎಪ್ಪತ್ತು ತುಂಬುವ ಭರವಸೆಯಿಲ್ಲ. ಆದರೂ ಬರೆಯುತ್ತೇನೆ. ಸತ್ಯ ಹೇಳುವ ಗಂಡಂದಿರ ಸಂಖ್ಯೆ ದಿನೇದಿನೇ ಕಡಿಮೆಯಾಗುತ್ತಿದೆ. (ಕಾರಣ ಈಗಷ್ಟೇ ಹೇಳಿದೆ.)

ಅವಳು ಪಾಪ್ ಗಾಯಕಿ. 'ಗಾಯಕಿಯಾಗಿದ್ದಳು' ಎಂದು ಬರೆಯಲು ನನಗೆ ಆಸೆ, ಧೈರ್ಯವಿಲ್ಲ. ನಲವತ್ತೆರಡು ವರ್ಷಗಳ ಹಿಂದೆ ಅವಳು ಹಾಡಿದ 'ನಿಲ್ಸು ನಿಲ್ಸು ಸ್ಕೂಟರು, ಹದಿನೆಂಟಾಯ್ತು ನನಗೆ' ಎಂಬ ಹಾಡು ಕ್ಷೌರದಂಗಡಿಯಿಂದ ಕಾಲೇಜಿನ ಮೆಟ್ಟಿಲವರೆಗೆ ಎಲ್ಲೆಲ್ಲೂ ಮೊಳಗಿತ್ತು. ಕೊನೆಯ ಸಾಲಿನಲ್ಲಿ ಅವಳು 'ನಿಲ್ಸೂ' ಎಂದು ಸ್ವರವನ್ನು ಮೇಲೆ ಮೇಲೆ ಎಳೆದುಕೊಂಡು ಹೋಗಿ, ಬ್ರೇಕ್ ಹಾಕಿದಂತೆ ಗಕ್ಕನೆ ನಿಲ್ಲಿಸುತ್ತಿದ್ದಳು. ಆ ಒಂದು ಎಳೆತಕ್ಕೆ ಜನ ಮುಗಿಬೀಳುತ್ತಿದ್ದರು. ಪತ್ರಿಕೆಯವರು ಅವಳಿಗೆ ಸ್ಕೂಟರ್ ರಾಣಿ ಎಂದು ಪಟ್ಟ ಕಟ್ಟಿದರು. (ಅವಳಿಗೆ ಇಂದಿಗೂ ಸ್ಕೂಟರ್ ಓಡಿಸಲು ಬರುವುದಿಲ್ಲ. ಹಿಂದೆ ಕೂತು ನನ್ನನ್ನು ಓಡಿಸಲು ಬರುತ್ತದೆ.)

ಇನ್ನು ನಾನು. ರಾಣಿ ವೇದಿಕೆಯ ಮೇಲಿದ್ದರೆ ನಾನು ಸಭಾಂಗಣದ ಹಿಂದುಗಡೆ, ಸೌಂಡ್ ಮೇಜಿನ ಮುಂದೆ. ಅವಳ ದನಿ ಜನರ ಕಿವಿ ತಲುಪುವ ಮೊದಲು ನನ್ನ ಬೆರಳುಗಳ ಅಪ್ಪಣೆ ಪಡೆಯಬೇಕು. ದಪ್ಪ ಸದ್ದಿಗೆ ಒಂದು ಗುಂಡಿ, ಚೂಪು ಸದ್ದಿಗೆ ಟ್ರೆಬಲ್ ಎಂಬ ಇನ್ನೊಂದು ಗುಂಡಿ, ಒಟ್ಟು ಸದ್ದನ್ನು ಏರಿಸಿ ಇಳಿಸಲು ಬೆರಳಿನಿಂದ ಮೇಲೆ ಕೆಳಗೆ ಸರಿಸುವ ಒಂದು ಸರಿಕೆ. ಈ ಸರಿಕೆಯ ವಿಷಯದಲ್ಲಿ ನನ್ನದೇ ಆದ ಮಹತ್ತರ ಆವಿಷ್ಕಾರವೊಂದಿದೆ. ಸಭೆಯಲ್ಲಿ ಮುಖ್ಯ ಅತಿಥಿಗಳು ಹತ್ತು ನಿಮಿಷ ದಾಟಿದರೆ ಅವರ ಮೈಕಿನ ಸದ್ದನ್ನು ಕೂದಲೆಳೆಯಷ್ಟಷ್ಟೇ ಇಳಿಸುತ್ತ ಸೊನ್ನೆಗೆ ತರುವುದು. ಅವರು ಬಾಯಾಡಿಸುತ್ತಲೇ ಇರುತ್ತಾರೆ. ಬಿಡುಗಡೆ ಸಿಕ್ಕಿತೆಂದು ಸಭೆ ಚಪ್ಪಾಳೆ ತಟ್ಟುತ್ತದೆ. ಅದನ್ನು ಮೆಚ್ಚುಗೆಯೆಂದು ತಿಳಿದು ಅವರು ಕೂರುತ್ತಾರೆ. ಯಾರ ಮನಸ್ಸಿಗೂ ನೋವಿಲ್ಲ. ರೇಡಿಯೋ ಸ್ಟೇಷನ್ನಿನಲ್ಲಿ ಇದೇ ಸೌಂಡ್ ಕೆಲಸ ಮಾಡುವ ನನ್ನ ಮಗಳಿಗೆ ಆಸ್ತಿ ಎಂದು ನಾನು ಕೊಟ್ಟದ್ದು ಈ ವಿದ್ಯೆಯೊಂದೇ.

ಈಗ ನನ್ನ ದೂರು ಕೇಳಿ. ಏಳೆಂಟು ವರ್ಷಗಳಿಂದ ಹೆಂಡತಿಯ ದನಿ ಮಂಕಾಗುತ್ತ ಬಂದಿತ್ತು. ಮೊದಲಿನ ಹೊಳಪಿಲ್ಲ, ಅಂಚಿಲ್ಲ. ಮನೆಯಲ್ಲೂ ಮಾತು ನುಂಗುತ್ತಿದ್ದಳು. ಅವಳ ಮಾನ ಉಳಿಸಲು ನಾನು ಗುಟ್ಟಾಗಿ ವರ್ಷಕ್ಕಿಷ್ಟು ಎಂದು ಟ್ರೆಬಲ್ ಗುಂಡಿಯನ್ನು ಏರಿಸುತ್ತ ಬಂದೆ. ಏನು ಮಾಡಿದರೂ ಪ್ರಯೋಜನವಿಲ್ಲ. 'ನಿಲ್ಸೂ' ಬಂತೆಂದರೆ ಮುಂದಿನ ಸಾಲಿನವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳತೊಡಗಿದರು. ಕಳೆದ ಸಲ ಒಬ್ಬರು ತಮ್ಮ ಕಿವಿ ಬಿಟ್ಟು ಪಕ್ಕದಲ್ಲಿದ್ದ ಹೆಂಡತಿಯ ಕಿವಿ ಮುಚ್ಚಿದರು. (ಪ್ರೀತಿ ಎಂದರೆ ಅದು.) ಹಿಂದಿನಿಂದ ಇದನ್ನೆಲ್ಲ ನೋಡಿದೆ. ವಯಸ್ಸಾದ ಮೇಲೆ ಪಾಪ್ ಗಾಯಕರು ಮರ್ಯಾದೆಯಿಂದ ಮೈಕ್ ಕೆಳಗಿಡಬೇಕು ಎಂಬ ಸಿದ್ಧಾಂತ ನನ್ನಲ್ಲಿ ಹುಟ್ಟಿದ್ದು ಆಗ.

ಸಿದ್ಧಾಂತ ಹುಟ್ಟಿಸುವುದು ಸುಲಭ. ಅದನ್ನು ಹೆಂಡತಿಗೆ ಹೇಳುವುದು ಬೇರೆ ವಿಷಯ. ಅವಳು ಮೊಟ್ಟಮೊದಲು ಹಾಡಿದ ಸಭಾಂಗಣವನ್ನು ರಿಪೇರಿ ಮಾಡಿಸಿ, ಭಾನುವಾರ ಮಧ್ಯಾಹ್ನ ಮೊದಲ ಕಾರ್ಯಕ್ರಮಕ್ಕೆ ಅವಳನ್ನೇ ಕರೆದಿದ್ದರು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಅಭ್ಯಾಸ ಮಾಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು (ಓಡಲು ಅನುಕೂಲ) ಮೆಲ್ಲಗೆ ಶುರು ಮಾಡಿದೆ.

"ಇನ್ನು ಸಾಕು ಅನ್ಸಲ್ವಾ ನಿನಗೆ?"

"ಯಾವುದು, ಪಾತ್ರೆ ತೊಳೆಯೋದಾ? ಅದು ಮದುವೆಯಾದ ಮಾರನೇ ದಿನಾನೇ ಅನ್ಸಿತ್ತು."

"ಹಾಡೋದು. ಈ ವಯಸ್ಸಲ್ಲಿ ನಿಂತ್ಕೊಂಡು ಹದಿನೆಂಟಾಯ್ತು ನನಗೆ ಅಂತ ಹಾಡೋಕೆ ಒಂದು ಥರಾ ಆಗಲ್ವಾ?"

"ಆಗಲೂ ನನಗೆ ಹದಿನೆಂಟಾಗಿರ್ಲಿಲ್ಲ. ಇಪ್ಪತ್ನಾಲ್ಕು. ಆ ಸುಳ್ಳಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಯಾರು?"

ನಾನೇ. ಹಾಗೇ ಪರಿಚಯವಾದದ್ದು. ಆದರೂ ಸೋಲಲಿಲ್ಲ. "ದನಿ ಮುದಿಯಾಗಿದೆ ಕಣೆ," ಎಂದುಬಿಟ್ಟೆ.

"ಮುದಿಯಾದ್ರೆ ಮುದಿ ದನೀಲೇ ಹಾಡ್ತೀನಿ. ನನ್ನ ದನಿ ನನ್ನ ಜೊತೆ ಮುದಿಯಾಗ್ದೆ ಪಕ್ಕದ ಮನೆಯವಳ ಜೊತೆ ಆಗುತ್ತಾ? ಎಂಬತ್ತಾದ್ರೂ ಮಂತ್ರಿಗಳು ಕುರ್ಚಿ ಬಿಡಲ್ಲ. ನೀವು ಸಲಹೆ ಕೊಡೋದು ಬಿಡಲ್ಲ. ನಾನೊಬ್ಳು ಮಾತ್ರ ಯಾಕೆ ಬಾಯಿ ಮುಚ್ಕೊಂಡು ಮೂಲೆ ಸೇರ್ಬೇಕು? ಆಮೇಲೆ ಇನ್ನೊಂದು, ಇತ್ತೀಚೆಗೆ ಸೌಂಡೇ ಸರಿ ಇಲ್ಲ. ಸ್ಪೀಕರಿಂದ ನನ್ನ ದನಿ ನನಗೇ ಚುಚ್ಚುತ್ತೆ."

ನನ್ನ ಕೆಲಸಕ್ಕೇ ಕೊಕ್ಕೆ! ರೋಷ ಉಕ್ಕಿತು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದೆ.

ಪಾತ್ರೆಗಳ ಸದ್ದು ನಿಂತಿತು. ಮದುವೆಯಾದವರಿಗೆ ಆ ಮೌನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲಲ್ಲಿ ನಿಂತದ್ದು ಒಳ್ಳೆಯದಾಯಿತು.

ಬಾಯಿಂದ ಆಗದ್ದನ್ನು ಬ್ಯಾನರಿನಿಂದ ಮಾಡಿಸೋಣ ಎಂಬ ದಿವ್ಯ ಆಲೋಚನೆ ಹೊಳೆದದ್ದು ಓಡುವಾಗ. ಕಾರ್ಯಕ್ರಮದ ಕೊನೆಗೆ ವೇದಿಕೆಯಲ್ಲಿ ವಿದಾಯದ ಬ್ಯಾನರ್ ಇಳಿಬಿಟ್ಟರೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರೆ, ಯಾವ ರಾಣಿಯೂ ಇಲ್ಲ ಎನ್ನಲಾರಳು. ಬ್ಯಾನರ್ ಅಂಗಡಿಯವನಿಗೆ ಬರೆದುಕೊಟ್ಟೆ: 'ವಿದಾಯ ಸಮಾರಂಭ. ನಲವತ್ತು ವರ್ಷಗಳ ನಾದಸೇವೆಗೆ ನಮ್ಮೆಲ್ಲರ ನಮನ. ಇನ್ನು ನೆಮ್ಮದಿಯಿಂದ ವಿಶ್ರಮಿಸಿ.'

ಅವನು ಓದಿ, ದನಿ ತಗ್ಗಿಸಿ ಕೇಳಿದ. "ಯಾವಾಗ ತೀರ್ಕೊಂಡ್ರು ಸಾರ್?"

"ಯಾರೂ ತೀರ್ಕೊಂಡಿಲ್ಲ. ಇದು ಮನೇಲಿ ಗೊತ್ತಾದ್ರೆ ನಾನು ತೀರ್ಕೋತೀನಿ."

"ಹೆಸರು ಏನು ಹಾಕ್ಲಿ?"

"ಹೆಸರು ಬೇಡ. ಎಲ್ರಿಗೂ ಗೊತ್ತಿರೋರೇ," ಎಂದೆ. (ಸಿಕ್ಕಿಬಿದ್ದರೆ ಬೇರೆ ಯಾರದೋ ಎನ್ನಬಹುದಲ್ಲ!) ಈ ಜಾಣತನ ಮುಂದೆ ನನಗೆ ಹೇಗೆ ಉರುಳಾಯಿತೆಂದು ನೋಡುವಿರಂತೆ.

ನಮ್ಮ ಮನೆಯಲ್ಲಿ ನಾನು ಕಳೆದುಕೊಂಡದ್ದು ಮೂರು ದಿನವಾದರೂ ಸಿಗುವುದಿಲ್ಲ, ಬಚ್ಚಿಟ್ಟದ್ದು ಮೂರು ನಿಮಿಷಕ್ಕೆ ಸಿಗುತ್ತದೆ. ಬೀರುವಿನ ಹಿಂದೆ ಇಟ್ಟಿದ್ದ ಬ್ಯಾನರನ್ನು ಅವಳು ಮಂಚದ ಮೇಲೆ ಹರಡಿಕೊಂಡು ನಿಂತಿದ್ದಳು. ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡೆ. ಅವಳು ಬೈಯಲಿಲ್ಲ.

"ನನ್ನನ್ನ ಒಂದು ಮಾತು ಕೇಳ್ದೆ ನನಗೆ ವಿದಾಯ ಹೇಳ್ಬಿಟ್ರಾ?" ಎಂದಳು. ಕಣ್ಣಲ್ಲಿ ನೀರು ಕಂಡೆ. ಅದು ಇಳಿಯುವ ಮೊದಲೇ ಅವಳು ಮೂಗು ಒರೆಸಿಕೊಂಡು ಸೊಂಟಕ್ಕೆ ಕೈಯಿಟ್ಟಳು. "ಸರಿ. ನಾಳೆ ಗಂಟಲಿನ ಡಾಕ್ಟ್ರ ಹತ್ರ ಹೋಗೋಣ. ನನ್ನ ದನಿ ಕೆಟ್ಟಿದೆ ಅಂತ ಅವರು ಹೇಳಿದ್ರೆ ಭಾನುವಾರ ಈ ಬ್ಯಾನರ್ ನಾನೇ ಕಟ್ತೀನಿ. ಆವತ್ತಿಗೆ ಮುಗೀತು, ಬಚ್ಚಲುಮನೇಲೂ ಹಾಡಲ್ಲ. ಕೆಟ್ಟಿಲ್ಲ ಅಂದ್ರೆ?"

"ನೀನು ಹೇಳಿದ ಹಾಗೆ ಕೇಳ್ತೀನಿ," ಎಂದೆ. (ನಲವತ್ತು ವರ್ಷದಿಂದ ಮಾಡುತ್ತಿರುವುದನ್ನೇ ಪಂದ್ಯಕ್ಕೆ ಒಡ್ಡಿದ್ದೆ. ನಷ್ಟವೇನು?)

ಡಾಕ್ಟರು ಮಧ್ಯವಯಸ್ಸಿನ ಹೆಂಗಸು. ಕಿವಿ, ಮೂಗು, ಗಂಟಲು ಮೂರೂ ಅವರ ಸುಪರ್ದಿಯಲ್ಲಿದ್ದವು. ಹೆಂಡತಿಯ ಬಾಯಿಗೆ ದೀಪ ಹಿಡಿದು, ಕನ್ನಡಿ ಹಿಡಿದು, 'ಆ' ಎನಿಸಿ, 'ಈ' ಎನಿಸಿ, ಕೈ ತೊಳೆದುಕೊಂಡು ಬಂದರು.

"ಗಂಟಲು ಚೆನ್ನಾಗಿದೆ ಅಮ್ಮಾ. ವಯಸ್ಸಿಗೆ ತಕ್ಕ ಹಾಗೆ ದನಿ ಸ್ವಲ್ಪ ದಪ್ಪ ಆಗಿದೆ, ಅಷ್ಟೇ. ಹಾಡಿ, ಆರಾಮಾಗಿ ಹಾಡಿ."

"ಏನ್ ಡಾಕ್ಟ್ರೇ, ಆರಾಮಾಗಿ ಅಂತೀರಿ!" ನಾನು ಎದ್ದು ನಿಂತೆ. "ದನೀಲಿ ಹೊಳಪೇ ಇಲ್ಲ. ಪೂರ್ತಿ ಮಂಕಾಗಿದೆ."

"ಮಂಕಾಗಿದೆ ಅಂತ ಯಾರು ಹೇಳಿದ್ದು?"

"ನನ್ನ ಕಿವಿ ಹೇಳುತ್ತೆ."

"ಹೌದಾ? ಹಾಗಾದ್ರೆ ಸಾಕ್ಷಿನೂ ಒಂದ್ಸಲ ವಿಚಾರಿಸೋಣ, ಬನ್ನಿ," ಎಂದು ನನ್ನನ್ನು ಗಾಜಿನ ಗೂಡೊಂದರಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕು. ಗುಂಡಿಯ ಕೆಲಸ! ನನಗೆ ನಗು ಬಂತು. ದಪ್ಪ ಸದ್ದುಗಳು ಬಂದವು, ಪಟಪಟ ಒತ್ತಿದೆ. ಆಮೇಲೆ ಡಾಕ್ಟರು ಯಾಕೋ ಪರೀಕ್ಷೆಯನ್ನು ನಿಲ್ಲಿಸಿದರು. ಪಾಪ, ಯಂತ್ರ ಕೆಟ್ಟಿರಬೇಕು ಎಂದುಕೊಂಡು ಕಾದೆ. ಆಕಳಿಸಿದೆ. ಗಾಜಿನಾಚೆ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಕೊನೆಗೆ ತಾಳ್ಮೆ ಕೆಟ್ಟು, "ಮುಂದಿನದು ಹಾಕಿ ಡಾಕ್ಟ್ರೇ," ಎಂದೆ.

ಅವರು ಬಾಗಿಲು ತೆಗೆದರು. "ಎಲ್ಲಾ ಹಾಕಿ ಮುಗೀತು."

ಕಾಗದದ ಮೇಲೆ ನನ್ನ ಕಿವಿಯ ಗೆರೆ ಸ್ವಲ್ಪ ದೂರ ನೆಟ್ಟಗೆ ಹೋಗಿ, ಆಮೇಲೆ ಮೆಟ್ಟಿಲಿಂದ ಉರುಳಿದಂತೆ ಕೆಳಗೆ ಬಿದ್ದಿತ್ತು. "ಚೂಪು ಸದ್ದು ನಿಮಗೆ ಹೆಚ್ಚುಕಮ್ಮಿ ಕೇಳಿಸ್ತಾನೇ ಇಲ್ಲ," ಎಂದರು ಡಾಕ್ಟರು. "ಏಳೆಂಟು ವರ್ಷದಿಂದ ಕಮ್ಮಿಯಾಗ್ತಾ ಬಂದಿರ್ಬೇಕು. ಏನು ಕೆಲಸ ನಿಮ್ಮದು?"

"ಸೌಂಡ್ ಇಂಜಿನಿಯರ್," ಎಂದಳು ಹೆಂಡತಿ, ಅಕ್ಷರ ಅಕ್ಷರ ಬಿಡಿಸಿ. ಜೊತೆಗೆ ಟ್ರೆಬಲ್ ಗುಂಡಿಯ ಕತೆ, ಕಿವಿ ಮುಚ್ಚುವ ಮುಂದಿನ ಸಾಲಿನ ಕತೆ ಎರಡನ್ನೂ ಹೇಳಿದಳು. (ಗುಂಡಿಯ ಗುಟ್ಟು ಅವಳಿಗೆ ಹೇಗೆ ಗೊತ್ತಾಯಿತೋ! ನಾನು ಬಚ್ಚಿಟ್ಟದ್ದಲ್ಲವೇ, ಅದಕ್ಕೇ.)

ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಆ ಮುಂದಿನ ಸಾಲಿನವರನ್ನ ಒಂದ್ಸಲ ನನ್ನ ಹತ್ರ ಕಳಿಸಿ," ಎಂದರು.

ಹೆಂಡತಿ ಸ್ಕೂಟರಿನ ಹಿಂದೆ ಕೂತಳು. ಮನೆಯ ಗೇಟು ಬಂದಾಗ ಇಳಿದು ಹೇಳಿದಳು: "ತನ್ನ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಬೇರೆಯವರ ತಟ್ಟೆಯಲ್ಲಿರೋ ನೊಣ ಹುಡುಕಿದ್ರಂತೆ. ಹೇಳಿದ ಹಾಗೆ ಕೇಳ್ತೀನಿ ಅಂದ್ರಲ್ಲ, ಕೇಳಿ. ಭಾನುವಾರ ಸೌಂಡ್ ಮೇಜಿಗೆ ಮಗಳು ಕೂರ್ತಾಳೆ."

ನನ್ನ ಮೈಯೆಲ್ಲ ಉರಿಯಿತು. ನಲವತ್ತು ವರ್ಷ ಕೂತ ಕುರ್ಚಿ! "ಆಗಲ್ಲ!" ಎಂದು ಬೀದಿಯಲ್ಲೇ ಕೂಗಿದೆ. "ಅನುಭವಕ್ಕೆ ಬೆಲೆ ಇಲ್ವಾ? ನಾನು ಯಾಕೆ ಮೂಲೆ ಸೇರ್ಬೇಕು? ಕಿವಿ ಮುದಿಯಾದ್ರೆ ಮುದಿ ಕಿವೀಲೇ ಕೇಳ್ತೀನಿ. ನನ್ನ ಕಿವಿ ನನ್ನ ಜೊತೆ ಮುದಿಯಾಗ್ದೆ..."

"ಪಕ್ಕದ ಮನೆಯವನ ಜೊತೆ ಆಗುತ್ತಾ?" ಎಂದು ಪೂರ್ತಿ ಮಾಡಿ ಅವಳು ಒಳಗೆ ಹೋದಳು.

ಭಾನುವಾರ ಮಗಳು ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದಾದ ಎರಡು ಯಂತ್ರಗಳನ್ನು ನನ್ನ ಕಿವಿಗೆ ತುರುಕಿ, ಮುಂದಿನ ಸಾಲಿನಲ್ಲಿ ಕೂರಿಸಿದಳು. ಎಂಥೆಂಥ ಸದ್ದುಗಳಿವೆ ಈ ಲೋಕದಲ್ಲಿ! ಪಕ್ಕದವರ ಅಂಗಿ ಸರಸರ ಎನ್ನುತ್ತಿತ್ತು. ವೇದಿಕೆಯಲ್ಲಿ ನಮ್ಮ ಹಳೆಯ ಡ್ರಮ್ಮರ್ ಕೂತಾಗ ಅವರ ಮೊಣಕಾಲು ಲಟಕ್ಕೆಂದಿತು.

ಆಮೇಲೆ ಅವಳು ಹಾಡಿದಳು. ಏಳೆಂಟು ವರ್ಷಗಳ ನಂತರ ನಾನು ನನ್ನ ಹೆಂಡತಿಯ ದನಿ ಕೇಳಿದೆ. ಇಪ್ಪತ್ನಾಲ್ಕರ ದನಿ ಅದಲ್ಲ, ಸುಳ್ಳು ಯಾಕೆ ಹೇಳಲಿ? ತಳದಲ್ಲಿ ಒರಟು, ನಡುನಡುವೆ ಉಸಿರು. ಮಂಕು ಮಾತ್ರ ಎಲ್ಲೂ ಇರಲಿಲ್ಲ. 'ನಿಲ್ಸೂ' ಎಂದು ಏರಿದವಳು ಮೊದಲಿನಷ್ಟು ಮೇಲೆ ಹೋಗಲಿಲ್ಲ. ಮುಕ್ಕಾಲು ದಾರಿಯಲ್ಲಿ ನಿಂತು, ಇಷ್ಟೇ ಇರೋದು, ಏನೀಗ ಎಂಬಂತೆ ಸಭೆಯನ್ನು ನೋಡಿ ನಕ್ಕಳು. ಮುಂದಿನ ಸಾಲಿನ ಕೈಗಳು ಅಭ್ಯಾಸಬಲದಿಂದ ಮೇಲೆದ್ದವು, ಕಿವಿಯ ಹತ್ತಿರ ಹೋಗಿ, ಅಲ್ಲೇ ತಡೆದು, ಚಪ್ಪಾಳೆಗೆ ಇಳಿದವು. ಇವಳನ್ನು ನಿಲ್ಲಿಸಹೊರಟ ಮಹಾನುಭಾವ ನಾನು.

ಅವಳು ಮೈಕ್ ಹಿಡಿದು ಹೇಳಿದಳು. "ನಾನು ನಿಲ್ಸಲ್ಲ. ಕೇಳೋರು ಇರೋವರೆಗೆ ಹಾಡ್ತೀನಿ, ಅವರು ಎದ್ದು ಹೋದ ಮೇಲೆ ಕುರ್ಚಿಗಳಿಗೆ ಹಾಡ್ತೀನಿ. ಆದ್ರೆ ಇವತ್ತು ಒಬ್ರಿಗೆ ವಿದಾಯ ಇದೆ."

ಡ್ರಮ್ಮರ್ ಡಬಡಬ ಬಾರಿಸಿ ಹಗ್ಗ ಎಳೆದರು. ನನ್ನದೇ ಬ್ಯಾನರ್ ಇಳಿಯಿತು. ನಲವತ್ತು ವರ್ಷಗಳ ನಾದಸೇವೆ, ನಮನ, ವಿಶ್ರಮಿಸಿ, ಎಲ್ಲವೂ ಇತ್ತು. ಹೆಸರು ಇರಲಿಲ್ಲ.

"ಇಷ್ಟು ವರ್ಷ ನಿಮ್ಮೆಲ್ಲರ ಕಿವಿಯನ್ನ ನೋಡಿಕೊಂಡ ನಮ್ಮ ಯಜಮಾನ್ರು," ಎಂದು ಅವಳು ನನ್ನತ್ತ ಕೈ ತೋರಿಸಿದಳು.

ಸಭೆ ಎದ್ದು ನಿಂತಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಮುಂದಿನ ಸಾಲು. ಅಂದು ಹೆಂಡತಿಯ ಕಿವಿ ಮುಚ್ಚಿದ್ದ ಆ ಪುಣ್ಯಾತ್ಮರು ಆನಂದಬಾಷ್ಪ ಒರೆಸಿಕೊಳ್ಳುತ್ತಿದ್ದರು. ನನ್ನನ್ನು ಎಳೆದುಕೊಂಡು ಹೋಗಿ ವೇದಿಕೆ ಹತ್ತಿಸಿ ಮೈಕ್ ಕೊಟ್ಟರು.

ಕೊಟ್ಟ ಮೈಕನ್ನು ಬಿಡುವವನೇ ನಾನು? "ನಾನು ಯಾವ ಕುರ್ಚೀನೂ ಬಿಡಲ್ಲ!" ಎಂದು ಶುರು ಮಾಡಿದೆ. ಅನುಭವದ ಮಹತ್ವ ಹೇಳಿದೆ. ವಯಸ್ಸೆಂಬುದು ಬರೀ ಅಂಕಿ ಎಂದೆ. ಕಿವಿಗೆ ಯಂತ್ರ ಬಂದಿದೆ, ಬೆರಳು ಇನ್ನೂ ಗಟ್ಟಿಯಾಗಿವೆ, ಮುಂದಿನ ವಾರವೇ ಮೇಜಿಗೆ ವಾಪಸ್ಸು ಎಂದು ಗುಡುಗಿದೆ. ಸಭೆ ಭೋರೆಂದು ಚಪ್ಪಾಳೆ ತಟ್ಟಿತು. ನನ್ನೆದೆ ಉಬ್ಬಿತು. ಇಷ್ಟೊಂದು ಜನ ನನ್ನ ಪರವಾಗಿರುವರೆಂದು ಎಣಿಸಿರಲಿಲ್ಲ. ಎರಡೂ ಕೈ ಮುಗಿದು ಇನ್ನೇನು ಇಳಿಯಬೇಕು, ಸಭಾಂಗಣದ ಹಿಂದಿನ ಮೇಜಿನತ್ತ ಕಣ್ಣು ಹೋಯಿತು.

ಮಗಳ ತೋರುಬೆರಳು ಸರಿಕೆಯ ಮೇಲಿತ್ತು. ಸರಿಕೆ ಸೊನ್ನೆಯಲ್ಲಿತ್ತು.

ನಾನು ಮೈಕನ್ನು ಹೆಂಡತಿಯ ಕೈಗೆ ತುರುಕಿ, ವೇದಿಕೆಯ ಅಂಚಿಗೆ ಬಂದು, ಎದೆತುಂಬ ಉಸಿರೆಳೆದುಕೊಂಡು, "ಬಿಡಲ್ಲಾ!" ಎಂದು ಕೂಗಿದೆ.

ಮುಂದಿನ ಸಾಲಿನವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು.