ಕಂಪ್ಲಿಗೆ ಒಂದು ಅಂಗಿ, ಬ್ರೆಜಿಲ್‌ಗೆ ಎಷ್ಟು?

ಹೊಸಪೇಟೆಯಿಂದ ಕಂಪ್ಲಿಗೆ ಬಸ್ಸಿನಲ್ಲಿ ಒಂದು ತಾಸು. ಅಷ್ಟರಲ್ಲಿ ನನ್ನ ಒಂದೂವರೆ ವರ್ಷದ ಸುಪುತ್ರ ವೇದಾಂತ್ ತಪ್ಪದೇ ಒಮ್ಮೆ ವಾಂತಿ ಮಾಡಿಕೊಳ್ಳುತ್ತಾನೆ. ಹಾಗಾಗಿ ಅತ್ತೆಯ ತವರಿಗೆ ಹೊರಟಾಗಲೆಲ್ಲ ಒಂದು ಅಂಗಿ ಹೆಚ್ಚಿಗೆ ಒಯ್ಯುವುದು ನಮ್ಮ ಮನೆಯ ಸಂಪ್ರದಾಯ.

ಹೀಗಿರುವಾಗ, ಸಂಡೂರಿನ ಗಣಿಯಲ್ಲಿ ಎಂಜಿನಿಯರ್ ಆಗಿದ್ದ ನನ್ನ ಪತಿದೇವರು ಪ್ರಭಂಜನರನ್ನು ಕಂಪನಿ ಬ್ರೆಜಿಲ್‌ನ ಸಾವೊ ಪಾಲೊ ಆಫೀಸಿಗೆ ಕಳಿಸಿತು. (ಕೆಂಪು ಧೂಳಿಲ್ಲದ ಊರು. ಜೀವನದಲ್ಲಿ ಮೊದಲ ಸಲ ಬಿಳಿ ಅಂಗಿ ಹೊಲಿಸಿದರಂತೆ.) ಆರು ತಿಂಗಳಾದ ಮೇಲೆ ಫೋನಿನಲ್ಲಿ ಗೋಗರೆದರು.

"ಮಗ ನನ್ನ ಮುಖಾನ ಮರೀತಾನ. ಇಬ್ರೂ ಜಲ್ದಿ ಬರ್ರಿ."

ಮೊಬೈಲಿನಲ್ಲಿ ನೋಡಿದೆ. ದುಬೈಯಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿಂದ ಸಾವೊ ಪಾಲೊಗೆ ಹನ್ನೆರಡು ಸಾವಿರ ಕಿಲೋಮೀಟರಿಗೂ ಮಿಕ್ಕಿ! ಕಂಪ್ಲಿಯ ಮೂವತ್ತೆರಡು ಕಿಲೋಮೀಟರಿನಿಂದ ಭಾಗಿಸಿದೆ. ಅತ್ತೆಯ ಬಳಿ ಓಡಿದೆ.

"ಅತ್ತೆ, ಮುನ್ನೂರ ಎಂಬತ್ತು ಅಂಗಿ ಬೇಕು!"

"ಏನು, ಅಂಗಡಿ ಇಡ್ತೀಯೇನು ಅಲ್ಲಿ?" ಅತ್ತೆ ವಿಜಯಲಕ್ಷ್ಮಮ್ಮ ಅವರೆಕಾಳು ಸುಲಿಯುವುದನ್ನು ನಿಲ್ಲಿಸಲಿಲ್ಲ. "ದೂರದ ಲೆಕ್ಕ ಬ್ಯಾಡ, ತಾಸಿನ ಲೆಕ್ಕ ಹಾಕು. ಎಷ್ಟು ತಾಸದ?"

"ಹದಿನೈದು."

"ಹದಿನೈದಽ ಅಂಗಿ."

"ದುಬೈಗೆ ಹೋಗೋಕೇ ನಾಲ್ಕು ತಾಸು ಇದೆಯಲ್ಲ ಅತ್ತೆ?"

"ಹತ್ತೊಂಬತ್ತು. ಮಳ್ಳಿ, ನೀ ಹೆದರೋದಕ್ಕ ಇನ್ನಾರು ಇಟ್ಕೊ!"

ಇಪ್ಪತ್ತೈದು ಅಂಗಿ ಹೊತ್ತು ವಿಮಾನ ಏರಿದೆ. ಮಗುವಿನ ಬಾಯಿಯ ಕೆಳಗೆ ಟವೆಲ್ ಹಿಡಿದು, ಕಳ್ಳನನ್ನು ಕಾಯುವ ಪೊಲೀಸಿನವನಂತೆ ಕಣ್ಣು ಮಿಟುಕಿಸದೆ ಕೂತೆ. ಅವನು ಗಗನಸಖಿಗೆ ನಕ್ಕ, ಬ್ರೆಡ್ಡು ತಿಂದ, ಮಲಗಿದ. ಟವೆಲ್ ಒಣಗಿಯೇ ಇತ್ತು!

ಆಗ ಧೈರ್ಯ ಮಾಡಿ ಕಿಟಕಿಯಾಚೆ ನೋಡಿದೆ. ಕೆಳಗೆ ಆಫ್ರಿಕಾ. ನಮ್ಮ ಡ್ಯಾಮಿನ ಹಿನ್ನೀರೇ ಸಮುದ್ರವೆಂದುಕೊಂಡಿದ್ದವಳು ನಾನು. ಇಡೀ ಒಂದು ಖಂಡ ಮುಗಿದು ನಿಜವಾದ ಸಮುದ್ರ ಶುರುವಾಯಿತು, ತಾಸುಗಟ್ಟಲೆ ಮುಗಿಯಲೇ ಇಲ್ಲ. ಸೂರ್ಯ ನಮ್ಮ ಜೊತೆಗೇ ಪಶ್ಚಿಮಕ್ಕೆ ಹೊರಟವನು ಮುಳುಗುವುದನ್ನೇ ಮರೆತಿದ್ದ. ಇಷ್ಟೆಲ್ಲದರ ಮೇಲೆ, ನನ್ನ ತೊಡೆಯ ಮೇಲೆ, ಮಗ ತೊಟ್ಟಿಲಲ್ಲಿದ್ದಂತೆ ಗೊರಕೆ ಹೊಡೆಯುತ್ತಿದ್ದ. ಕೈ ತಾನಾಗಿಯೇ ಮುಗಿದುಕೊಂಡಿತು.

ವಿಮಾನ ನಿಲ್ದಾಣದಲ್ಲಿ ಬಿಳಿ ಅಂಗಿಯ ಪ್ರಭಂಜನ ನಿಂತಿದ್ದರು. ಮಗ ಒಂದು ಗಳಿಗೆ ದಿಟ್ಟಿಸಿದ. ಆಮೇಲೆ "ಅಪ್ಪ" ಎಂದು ಎರಡೂ ಕೈ ಚಾಚಿದ. ಅವರು ಅತ್ತರು, ನಾನೂ ಅತ್ತೆ.

ಟ್ಯಾಕ್ಸಿ ಹೊರಟಿತು. "ಮನಿ ಇಲ್ಲೇ ಅದ, ಮೂವತ್ತು ಕಿಲೋಮೀಟರು" ಎಂದರು. ಅರ್ಧ ದಾರಿಯಲ್ಲಿ ಹೊಟ್ಟೆ ತೊಳಸಿತು. ಟವೆಲ್ ಹುಡುಕುವಷ್ಟರಲ್ಲಿ ಕಾಲ ಮಿಂಚಿತ್ತು. ವಾಂತಿ ಮಗನದಲ್ಲ, ನನ್ನದು. ಅದೂ ಆ ಬಿಳಿ ಅಂಗಿಯ ಮೇಲೆ.

ಅವರು ನಿಧಾನವಾಗಿ ಕೇಳಿದರು: "ಯಾಕ ಶ್ರೀಪ್ರಿಯಾ, ಕಂಪ್ಲಿ ಬಂತೇನು?"

ಮಗ ಕೇಕೆ ಹಾಕಿ ನಕ್ಕ. ನಾನು ಅವಸರದಲ್ಲಿ ಚೀಲ ಬಿಚ್ಚಿದೆ. ಇಸ್ತ್ರಿ ಕೆಡದ ಇಪ್ಪತ್ತೈದು ಅಂಗಿಗಳಿದ್ದವು. ಎಲ್ಲಕ್ಕಿಂತ ದೊಡ್ಡದು, ಎರಡು ವರ್ಷದವರಿಗೆ.