ಗಾಳಿ ತೆಗೀರಿ ಸಾರ್

ಚಕ್ರಪಾಣಿಯವರ ಕಾರಿನ ಡೀಸೆಲ್ ಮುಳ್ಳು ಕಾಲು ಟ್ಯಾಂಕಿನ ಗೆರೆಯ ಮೇಲೆ ಕೂತು ಹನ್ನೊಂದು ದಿನವಾಗಿತ್ತು. ಈ ಹನ್ನೊಂದು ದಿನಗಳಲ್ಲಿ ಅವರು ಎರಡು ಸಲ ಮಡಿವಾಳ ಮಾರುಕಟ್ಟೆಗೆ, ಒಂದು ಸಲ ಕೆಂಗೇರಿಗೆ, ದಿನಕ್ಕೊಂದು ಸಲ ಗಾಂಧಿಬಜಾರಿನ ಕಾಫಿಗೆ ಹೋಗಿ ಬಂದಿದ್ದರು. ಮುಳ್ಳು ಕದಲಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮುಳ್ಳು ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಚಕ್ರಪಾಣಿಯವರು ಮೈಲೇಜ್ ಜಾಸ್ತಿಯಾಗಿದೆ ಎಂದುಕೊಂಡರು.

“ಡೀಸೆಲ್ ಇಂಜಿನ್ ಅಂದ್ರೆ ಹಾಗೇ ಕಣೇ. ವಯಸ್ಸಾದಷ್ಟೂ ತಿನ್ನೋದು ಕಮ್ಮಿ, ದುಡಿಯೋದು ಜಾಸ್ತಿ.”

“ಈ ಮನೇಲಿ ವಯಸ್ಸಾದವರು ಯಾರೂ ಹಾಗಿಲ್ವಲ್ಲ,” ಎಂದರು ಹೆಂಡತಿ ಅಲಮೇಲು.

ವಿಮಾ ಕಚೇರಿಯಿಂದ ನಿವೃತ್ತರಾಗಿ ಬನಶಂಕರಿ ಎರಡನೇ ಹಂತದಲ್ಲಿ ನೆಲೆಸಿದ್ದ ಚಕ್ರಪಾಣಿಯವರಿಗೆ ಆ ಹದಿಮೂರು ವರ್ಷದ ಕಾರಿನ ಮೇಲೆ ಇದ್ದ ಪ್ರೀತಿ ಸಣ್ಣದಲ್ಲ. ಅದನ್ನು ಒರೆಸಲು ಬೇರೆಯವರ ಕೈಗೆ ಬಟ್ಟೆಯನ್ನೂ ಕೊಡುತ್ತಿರಲಿಲ್ಲ. ಅಲಮೇಲು ಅವರಿಗೋ ಆ ಕಾರು ಎಂದರೆ ಆಗದು. ಹೋದ ತಿಂಗಳು ಕತ್ರಿಗುಪ್ಪೆ ಸಿಗ್ನಲ್ಲಿನಲ್ಲಿ ಅದು ನಿಂತಾಗ, ರೇಷ್ಮೆ ಸೀರೆ ಉಟ್ಟುಕೊಂಡೇ ಇಳಿದು ತಳ್ಳಿದವರು ಅವರು.

ಈ ಭಾನುವಾರ ಅರೆಕೆರೆಯಲ್ಲಿ ಅಲಮೇಲು ಅವರ ತಂಗಿಯ ಮಗಳು ಧೃತಿಯ ಸೀಮಂತ. ಮೊಗ್ಗಿನ ಜಡೆ ದೊಡ್ಡಮ್ಮನದು ಎಂದು ಮೊದಲೇ ಮಾತಾಗಿತ್ತು. ಬೆಳಿಗ್ಗೆ ಎಂಟಕ್ಕೆ ಜಡೆ ಬಾಳೆಲೆಯೊಳಗೆ ಮಲಗಿ ಸಿದ್ಧವಾಗಿತ್ತು. ಹನ್ನೊಂದರೊಳಗೆ ಅದು ಹುಡುಗಿಯ ತಲೆ ಸೇರಬೇಕು. ತಡವಾದರೆ ಮೊಗ್ಗೆಲ್ಲ ಅರಳಿ ಬರೀ ಹೂವಿನ ಜಡೆಯಾಗುತ್ತದೆ.

“ನೋಡಿ, ಇವತ್ತೇನಾದ್ರೂ ಇದು ಕೈ ಕೊಡ್ತೋ, ನಾಳೆನೇ ಎಕ್ಸ್‌ಚೇಂಜು. ಬ್ಯಾಟರಿ ಕಾರಿನವರ ನಂಬರ್ ನನ್ನ ಫೋನಲ್ಲಿದೆ,” ಎಂದರು ಅಲಮೇಲು.

“ಧಾರಾಳವಾಗಿ ಕರಿ. ಇದು ಕೈ ಕೊಟ್ರೆ ನಾನೇ ಕೀ ಕೊಡ್ತೀನಿ,” ಎಂದು ಚಕ್ರಪಾಣಿ ನಗುತ್ತಾ ಕೀ ತಿರುಗಿಸಿದರು.

ಕಾರು ಕಿರ್ರ್ ಕಿರ್ರ್ ಎಂದಿತು. ಮತ್ತೆ ತಿರುಗಿಸಿದರು. ಮತ್ತೆ ಅದೇ ರಾಗ, ಸ್ವಲ್ಪ ಕೆಳಗಿನ ಶ್ರುತಿಯಲ್ಲಿ.

ಈ ಸದ್ದಿಗೆ ಎದುರುಮನೆಯ ಕರಿಬಸವಯ್ಯ ಬನಿಯನ್ನಿನಲ್ಲೇ ಓಡಿಬಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟರಾಗಿದ್ದವರು. ಯಾರೇ ಏನೇ ಅಪ್ಪಣೆ ಕೊಡಲಿ, ಕಿವಿಗೆ ಬಿದ್ದ ಕೂಡಲೇ ಅವರ ಕೈಕಾಲು ಕೆಲಸ ಶುರು ಮಾಡಿಬಿಡುತ್ತಿದ್ದವು. ಯೋಚನೆಯ ಸರದಿ ಆಮೇಲೆ.

“ತಳ್ಳೋಣ್ವಾ?”

“ತಳ್ಳೋದು ಬೇಡ, ಕರಿಬಸವಯ್ಯನವ್ರೇ. ಇದಕ್ಕೆ ವಿದ್ಯೆ ಬೇಕು,” ಎಂದು ಚಕ್ರಪಾಣಿ ತಮ್ಮ ಮೆಕ್ಯಾನಿಕ್ ತಿರುಮಲೇಶನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಒತ್ತಿದರು.

“ಡೀಸೆಲ್ ಎಷ್ಟಿದೆ ಸಾರ್?”

“ಕಾಲು ಟ್ಯಾಂಕ್.”

“ಹಾಕ್ಸಿದ್ದು ಯಾವಾಗ?”

ಚಕ್ರಪಾಣಿ ಹೇಳಿದರು.

“ಸಾರ್, ಮುಳ್ಳು ಸತ್ತೋಗಿದೆ. ಟ್ಯಾಂಕ್ ಖಾಲಿ. ಖಾಲಿ ಆದ್ಮೇಲೆ ಲೈನ್ ಒಳಗೆ ಗಾಳಿ ಹಿಡ್ಕೊಂಡಿದೆ. ಮೊದ್ಲು ಡೀಸೆಲ್ ಹಾಕಿ, ಆಮೇಲೆ ಗಾಳಿ ತೆಗೀರಿ ಸಾರ್. ಪೂರ್ತಿ ತೆಗೀಬೇಕು, ಒಂಚೂರೂ ಉಳೀಬಾರ್ದು.”

ಕರಿಬಸವಯ್ಯ ತಮ್ಮ ಮನೆಯ ಜನರೇಟರಿಗೆಂದು ಇಟ್ಟಿದ್ದ ಕ್ಯಾನನ್ನು ತಂದರು. ಅದರ ತಳದಲ್ಲಿ ಒಂದು ಲೀಟರ್ ಡೀಸೆಲ್ ಇತ್ತು. ಬಂಕ್ ಮುಂದಿನ ತಿರುವಿನಲ್ಲೇ ಇದ್ದುದರಿಂದ ಅಷ್ಟು ಸಾಕಿತ್ತು.

ಅದನ್ನು ಟ್ಯಾಂಕಿಗೆ ಸುರಿದು ಚಕ್ರಪಾಣಿ ಬಾನೆಟ್ ಎತ್ತಿದರು. ಕೇಳುವವರು ಸಿಕ್ಕಾಗ ಪಾಠ ಬಿಡುವ ಜಾಯಮಾನ ಅವರದಲ್ಲ.

“ನೋಡಿ, ಇದು ಫಿಲ್ಟರು. ಟ್ಯಾಂಕಿಂದ ಬರೋ ಡೀಸೆಲ್ ಇಲ್ಲಿ ಶುದ್ಧ ಆಗುತ್ತೆ. ನೀರಿನಂಶ ಏನಾದ್ರೂ ಇದ್ರೆ ತಳದಲ್ಲಿ ನಿಲ್ಲುತ್ತೆ, ಅದನ್ನ ಆಗಾಗ ಬಸೀಬೇಕು. ಆಚೆ ಇರೋದು ದೊಡ್ಡ ಪಂಪು. ಅದು ಡೀಸೆಲ್ ಒತ್ತಿ ಒತ್ತಿ ಇಂಜೆಕ್ಟರಿಗೆ ಕಳಿಸುತ್ತೆ. ಪೆಟ್ರೋಲ್ ಗಾಡಿ ಥರ ಇಲ್ಲಿ ಕಿಡಿ ಹಚ್ಚೋರು ಯಾರೂ ಇಲ್ಲ. ಎಲ್ಲಾ ಒತ್ತಡದ ಮೇಲೇ ನಡೆಯೋದು.”

“ನಮ್ಮ ಮನೆ ಥರ,” ಎಂದರು ಹಿಂದಿನ ಸೀಟಿನಲ್ಲಿ ಜಡೆ ಹಿಡಿದು ಕೂತಿದ್ದ ಅಲಮೇಲು.

“ಒತ್ತೋ ಕಡೆ ಡೀಸೆಲ್ ಬದಲು ಗಾಳಿ ಇದ್ರೆ ಪಂಪಿಗೆ ಹಿಡಿತ ಸಿಗಲ್ಲ. ಅದಕ್ಕೇ ಈ ಸ್ಕ್ರೂ ಸಡಿಲ ಮಾಡಿ, ಈ ಗುಂಡಿ ಒತ್ತಬೇಕು…” ಎಂದು ತಲೆ ತಗ್ಗಿಸಿದವರು, ಪಾಠ ಕೇಳುತ್ತಿದ್ದ ಕರಿಬಸವಯ್ಯ ಪಕ್ಕದಲ್ಲಿಲ್ಲ ಎಂಬುದನ್ನು ಗಮನಿಸಲಿಲ್ಲ.

ಒತ್ತಿದರು. ಗುಳುಗುಳು ಎಂದು ನೊರೆ ಬಂತು. ಮತ್ತೆ ಒತ್ತಿದರು. ಎಲ್ಲಿಂದಲೋ ‘ಉಸ್ಸ್ಸ್’ ಎಂಬ ಉದ್ದನೆಯ ಸದ್ದು ಕೇಳಿಸಿತು.

“ಕೇಳಿಸ್ತಾ ಅಲಮೇಲು? ಗಾಳಿ ಹೋಗ್ತಿದೆ!”

“ಕೇಳಿಸ್ತಿದೆ. ನನಗ್ಯಾಕೋ ಸೀಟ್ ಕೆಳಗೆ ಹೋದ ಹಾಗಾಗ್ತಿದೆ.”

“ಅದು ಮನಸ್ಸಿನ ಭ್ರಮೆ!”

ಉಸ್ಸ್ ಸದ್ದು ನಾಲ್ಕು ಸಲ ಬಂತು. ನೊರೆ ನಿಂತು ಶುದ್ಧ ಡೀಸೆಲ್ ಚಿಮ್ಮಿ ಅಂಗಿಗೆ ಹಾರಿತು. ಚಕ್ರಪಾಣಿ ಸ್ಕ್ರೂ ಬಿಗಿದು, ಸೀಟಿನಲ್ಲಿ ಕೂತು ಕೀ ತಿರುಗಿಸಿದರು. ಇಂಜಿನ್ ಒಮ್ಮೆ ಕೆಮ್ಮಿ, ಸೀನಿ, ಆಮೇಲೆ ಬೀದಿಗೆಲ್ಲ ಕೇಳುವಂತೆ ಗುಡುಗಿತು. ಅವರ ಕಣ್ಣಲ್ಲಿ ನೀರು ಬಂದುಬಿಟ್ಟಿತು.

“ಹೊರಡೋಣ!” ಎಂದು ಗೇರ್ ಹಾಕಿದರು. ಕಾರು ಎರಡು ಅಡಿ ಹೋಗಿ ನಡು ಹಿಡಿದವರಂತೆ ನರಳಿ ನಿಂತಿತು. ಇಳಿದು ನೋಡಿದರೆ ನಾಲ್ಕೂ ಟೈರು ನೆಲಕ್ಕೆ ದೋಸೆಯಂತೆ ಅಂಟಿಕೊಂಡಿದ್ದವು. ಹಿಂದಿನ ಚಕ್ರದ ಪಕ್ಕದಿಂದ ಕರಿಬಸವಯ್ಯ ಬೆವರು ಒರೆಸುತ್ತಾ ಎದ್ದರು. ಕೈಯಲ್ಲಿ ಟೈರಿನ ವಾಲ್ವ್ ಒತ್ತಿದ ಬೆಂಕಿಕಡ್ಡಿ.

“ನಾಲ್ಕರದ್ದೂ ಪೂರ್ತಿ ತೆಗೆದಿದ್ದೀನಿ. ಒಂಚೂರೂ ಉಳಿಸಿಲ್ಲ. ಸ್ಟಾರ್ಟ್ ಆಯ್ತಲ್ವಾ!”

“ಟೈರಿಂದಲ್ಲ ರೀ, ಟೈರಿಂದಲ್ಲ!” ಎಂದು ಚಕ್ರಪಾಣಿ ಹಣೆ ಚಚ್ಚಿಕೊಂಡರು.

ವಿಷಯ ತಿಳಿದ ಕರಿಬಸವಯ್ಯ ಪಾಪ, ಬಹಳ ನೊಂದುಕೊಂಡರು. ಓಡಿಹೋಗಿ ತಮ್ಮ ಸ್ಕೂಟರಿನ ಕಾಲು ಪಂಪು ತಂದು, “ಒಂದು, ಎರಡು, ಒಂದು, ಎರಡು” ಎಂದು ತಮಗೆ ತಾವೇ ಡ್ರಿಲ್ ಹೇಳಿಕೊಳ್ಳುತ್ತಾ ಟೈರಿಗೆ ಗಾಳಿ ತುಂಬತೊಡಗಿದರು. ಗಂಟೆ ಒಂಬತ್ತೂಕಾಲು.

“ಇಂಜಿನ್ ಆಫ್ ಮಾಡ್ಬಾರ್ದಾ?” ಎಂದರು ಅಲಮೇಲು.

“ಕಷ್ಟಪಟ್ಟು ಎಬ್ಬಿಸಿದ್ದೀನಿ, ಮತ್ತೆ ಮಲಗಿಸ್ತಾರಾ?”

“ಹಾಗಾದ್ರೆ ಏಸಿನಾದ್ರೂ ಹಾಕಿ. ಮೊಗ್ಗು ಬಾಯಿ ಬಿಡ್ತಿದೆ.”

ಚಕ್ರಪಾಣಿ ಏಸಿ ಜೋರಾಗಿ ಹಾಕಿದರು. ಇಂಜಿನ್ ಸದ್ದು ಇಂಪಾಗಿತ್ತೆಂದು ನಡುನಡುವೆ ಆಕ್ಸಿಲರೇಟರನ್ನೂ ಒತ್ತಿದರು. ಡೀಸೆಲ್ ಸಾಲುತ್ತದೆಯೇ ಎಂಬ ಅನುಮಾನ ಒಮ್ಮೆ ಮೂಡಿ ಮುಳ್ಳಿನ ಕಡೆ ನೋಡಿದರು. ಕಾಲು ಟ್ಯಾಂಕ್. ಹನ್ನೊಂದು ದಿನದ ಅಭ್ಯಾಸ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ನೆಮ್ಮದಿಯಾಯಿತು.

ಹತ್ತು ಗಂಟೆಗೆ ನಾಲ್ಕನೇ ಟೈರೂ ಗಟ್ಟಿಯಾಯಿತು. ಕರಿಬಸವಯ್ಯ ಪಂಪಿನ ಮೇಲೇ ಕುಸಿದು ಕೂತು ಕೈಯೆತ್ತಿ ಅನುಮತಿ ಕೊಟ್ಟರು. ಚಕ್ರಪಾಣಿ ಕನ್ನಡಕ ಸರಿಪಡಿಸಿಕೊಂಡು, ಗೇರ್ ಹಾಕಿ, ಒಮ್ಮೆ ಹಾರ್ನ್ ಹೊಡೆದರು.

ಇಂಜಿನ್ ಕೆಮ್ಮಿತು. ಎರಡು ಸಲ ಬಿಕ್ಕಳಿಸಿತು. ನಿಂತಿತು.

ಮತ್ತೆ ಫೋನು, ಮತ್ತೆ ಸ್ಪೀಕರು.

“ಅದೂ ಖಾಲಿ ಆಯ್ತಾ ಸಾರ್? ಹಾಗಾದ್ರೆ ಮತ್ತೆ ಗಾಳಿ ಹಿಡ್ದಿರುತ್ತೆ. ಗಾಳಿ ತೆಗೀರಿ ಸಾರ್.”

ಕರಿಬಸವಯ್ಯ ತಲೆಯೆತ್ತಿದರು. “ತೆಗೀಬೇಕಿದ್ರೆ ನನ್ನ ಕೈಲಿ ಯಾಕ್ರೀ ತುಂಬಿಸಿದ್ರಿ?” ಎಂದು ಗೊಣಗಿದರೂ, ಅಪ್ಪಣೆ ಅಪ್ಪಣೆಯೇ, ಕೈ ಆಗಲೇ ಜೇಬಿನಲ್ಲಿ ಬೆಂಕಿಕಡ್ಡಿ ಹುಡುಕುತ್ತಿತ್ತು.

ಅಲಮೇಲು ಕಾರಿನಿಂದ ಇಳಿದು, ಹೋಗುತ್ತಿದ್ದ ಆಟೋಗೆ ಕೈ ಅಡ್ಡ ಹಿಡಿದು, ಜಡೆಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕೂತರು. ಆಟೋ ಹೊರಟ ಮೇಲೆ ಕತ್ತು ಹೊರಹಾಕಿ ಕೂಗಿದರು.

“ಕರಿಬಸವಯ್ಯನವ್ರೇ, ಟೈರಿಂದು ಬೇಡ. ಆ ಸ್ಟೀರಿಂಗ್ ಹಿಂದೆ ಕೂತಿದ್ದಾರಲ್ಲ, ಅವರ ಗಾಳಿ ತೆಗೀರಿ. ಒಂಚೂರೂ ಉಳೀಬಾರ್ದು. ನಾಳೆ ಹತ್ತಕ್ಕೆ ಬ್ಯಾಟರಿ ಕಾರಿನವರು ಬರ್ತಾರೆ!”

ಕರಿಬಸವಯ್ಯ ಬೆಂಕಿಕಡ್ಡಿ ಹಿಡಿದು, ಏನು ಮಾಡುವುದೆಂದು ತೋಚದೆ ಚಕ್ರಪಾಣಿಯವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಚಕ್ರಪಾಣಿ ಕೀಯನ್ನು ಮೆಲ್ಲಗೆ ಹೊರಗೆಳೆದು ಅಂಗೈಯಲ್ಲಿಟ್ಟುಕೊಂಡರು. ಕೀ ತೆಗೆದ ಮೇಲೂ ಮುಳ್ಳು ಕಾಲು ಟ್ಯಾಂಕಿನಲ್ಲೇ ಇತ್ತು.