ಖಾರದ ಕೈ ಮತ್ತು ಟಿವಿ ಗೇಮು

ಕೆಲವರ ಕೈ ಸುಮ್ಮನಿರುವುದಿಲ್ಲ. ಅಂಗಡಿಯಲ್ಲಿ ಕೊಳ್ಳದ ಬಟ್ಟೆಯನ್ನೂ ಹಿಚುಕಿ ನೋಡುತ್ತಾರೆ, ಮದುವೆಮನೆಯಲ್ಲಿ ಗುರುತಿಲ್ಲದವರ ಸೆರಗನ್ನೂ ಮುಟ್ಟಿ "ಎಲ್ಲಿ ತಗೊಂಡ್ರಿ?" ಅನ್ನುತ್ತಾರೆ. ನಾನೂ ಆ ಪೈಕಿ. ನನ್ನ ಸಾಲಿ ಮೂರನೇ ಇಯತ್ತೆಗೇ ಮುಗಿಯಿತು. ಅದಕ್ಕೂ ಈ ಕೈಯೇ ಕಾರಣ ಎಂದು ನಮ್ಮವ್ವ ಹೇಳುತ್ತಿದ್ದಳು. ಒಂದಿನ ಯಾರೂ ಇಲ್ಲವೆಂದು ಸಾಲಿ ಗಂಟೆಯನ್ನು ಚೂರು ಬಾರಿಸಿ ನೋಡಿದೆ. ಮಧ್ಯಾಹ್ನಕ್ಕಿಂತ ಮೊದಲೇ ಇಡೀ ಸಾಲಿ ಮನೆಗೆ ಓಡಿಹೋಯಿತು. ಅವತ್ತು ಹುಡುಗರು ನನ್ನನ್ನು ಹೊತ್ತು ಮೆರೆಸುವುದೊಂದು ಬಾಕಿ ಇತ್ತು!

ಇಂಥ ನನ್ನ ಮನೆಗೆ ಈ ಬೇಸಿಗೆ ಸೂಟಿಯಲ್ಲಿ ರಾಣೆಬೆನ್ನೂರಿನಿಂದ ಮೊಮ್ಮಗಳು ಐಶೂ ಬಂದಳು. ಮಗಳ ಮಗಳು. ಬರುವಾಗ ಕಂಕುಳಲ್ಲಿ ಒಂದು ಟಿವಿ ಗೇಮು ತಂದಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅದೊಂದು ಕಪ್ಪು ಡಬ್ಬಿ. ಟಿವಿಗೆ ವೈರು ಚುಚ್ಚಬೇಕು, ಡಬ್ಬಿಯ ಬಾಯಿಗೆ ಹಳದಿ ಕ್ಯಾಸೆಟ್ಟು ತುರುಕಬೇಕು. ಚಾಲೂ ಆಗದಿದ್ದರೆ ಕ್ಯಾಸೆಟ್ಟು ಹೊರಗೆ ತೆಗೆದು, ಒಲೆ ಊದಿದ ಹಾಗೆ ಉಫ್ ಎಂದು ಊದಬೇಕು. ಊದುವ ಕೆಲಸ ನನಗೆ ಸಿಕ್ಕಿತು. ಆಮೇಲೆ ಟಿವಿಯೊಳಗೆ ಒಬ್ಬ ಗಿಡ್ಡ ಮನುಷ್ಯ ಬರುತ್ತಾನೆ. ಕೈಯಲ್ಲಿ ಹಿಡಿದ ರಿಮೋಟಿನ ಗುಂಡಿ ಒತ್ತಿದರೆ ಓಡುತ್ತಾನೆ, ಹಾರುತ್ತಾನೆ, ತಗ್ಗಿಗೆ ಬಿದ್ದು ಸಾಯುತ್ತಾನೆ. ಅವನಿಗೆ ಮೂರು ಜೀವ. ನಮಗಿಂತ ಅನುಕೂಲಸ್ಥ.

ಐಶೂ ಬಂದ ಖುಷಿಗೆ ನನಗೆ ನೆಲವೇ ಕಾಣುತ್ತಿರಲಿಲ್ಲ. ಆದರೆ ಬಂದ ದಿನವೇ ಆಕೆ ಫೋನಿನಲ್ಲಿ ಅಪ್ಪನಿಗೆ ಹೇಳಿದ್ದು ಕೇಳಿ ಒಳಗೊಳಗೇ ದಿನ ಎಣಿಸತೊಡಗಿದೆ. "ಅಪ್ಪಾ, ಈ ಗೇಮ್ ಪೂರಾ ಗೆದ್ದ ಕೂಡ್ಲೇ ಬರ್ತೇನಿ. ಅಲ್ಲೀತನಕ ಕರಿಯಾಕ ಬರಬ್ಯಾಡ."

ಹುಡುಗಿ ಅಷ್ಟು ಲಗೂ ಗೆಲ್ಲುತ್ತಾಳೆಂದು ಯಾರಿಗೆ ಗೊತ್ತಿತ್ತು? ವಾರ ಕಳೆಯುವುದರೊಳಗೆ ಕಡೆಯ ಮಜಲಿಗೆ ಬಂದೇಬಿಟ್ಟಳು. ಒಂದೇ ಜೀವ ಉಳಿದಿತ್ತು. ಅಷ್ಟರಲ್ಲಿ ಬಾಜೂ ಮನೆಯ ಮೆಹಬೂಬಿ, "ಐಶೂ ಬೇಟಾ, ಮೆಹಂದಿ ಕಲಸೇನಿ, ಹಚ್ಚತೇನಿ ಬಾ" ಎಂದು ಕರೆದಳು. ಐಶೂ ಆಟವನ್ನು ಇದ್ದಲ್ಲೇ ನಿಲ್ಲಿಸಿ, ನನ್ನ ಮುಂದೆ ಬೆರಳೆತ್ತಿದಳು.

"ಅಜ್ಜೀ, ಪಾಜ್ ಮಾಡೇನಿ. ಯಾರೂ ಮುಟ್ಟಬಾರದು. ಅಜ್ಜಾನೂ ಮುಟ್ಟಬಾರದು. ನೀನಂತೂ ಮುಟ್ಟಾಕ ಕೂಡದು."

"ಏ, ನನಗ್ಯಾಕ ಬೇಕವ್ವ ಅದು? ವರ್ಷದ ಖಾರ ಮಾಡಾಕತ್ತೇನಿ, ಕಾಣಸ್ತಿಲ್ಲೇನು?" ಎಂದೆ.

ಖರೇನೇ ನಾನು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದೆ. ನಮ್ಮ ಬ್ಯಾಡಗಿ ಹೆಂಗಸರಿಗೆ ತೊಟ್ಟು ಬಿಡಿಸುವುದು ಉಸಿರಾಡಿದಷ್ಟೇ ಸಹಜ. ಹೆಬ್ಬೆರಳು ತನ್ನಷ್ಟಕ್ಕೆ ತಾನು ಟಕ್ ಟಕ್ ಎನ್ನುತ್ತದೆ, ಕಣ್ಣು ಎಲ್ಲಿ ಬೇಕಾದರೂ ತಿರುಗಬಹುದು. ನನ್ನ ಕಣ್ಣು ಟಿವಿಯ ಕಡೆ ತಿರುಗಿತು. ಗಿಡ್ಡ ಮನುಷ್ಯ ತಗ್ಗಿನ ದಂಡೆಯ ಮೇಲೆ ಒಂದು ಕಾಲೆತ್ತಿ ನಿಂತಿದ್ದ. ಎಷ್ಟೊತ್ತು ಹಾಗೆ ನಿಲ್ಲಬೇಕು ಪಾಪ! ಈ ತಗ್ಗೊಂದನ್ನು ದಾಟಿಸಿ, ಆಚೆ ದಂಡೆಯ ಮೇಲೆ ಆರಾಮ ನಿಲ್ಲಿಸೋಣ ಎಂದುಕೊಂಡೆ. ರಿಮೋಟು ಎತ್ತಿಕೊಂಡು, ನಿಲ್ಲಿಸಿದ ಆಟ ಚಾಲೂ ಮಾಡಿ, ಟಕ್ ಎಂದು ಒತ್ತಿದೆ. ಹಾರಿದ. ಹಾರಿದ್ದು ಸರಿಯಾಗಿಯೇ ಇತ್ತು, ಆದರೆ ದಂಡೆಗಿಂತ ಮೊದಲೇ ಇಳಿದ.

ಅಷ್ಟೊತ್ತಿಗೆ ನಮ್ಮ ಯಜಮಾನರು ಒಳಬಂದರು. "ಏನ್ ಮಾಡಿದ್ಯೇ?" ಎಂದು ರಿಮೋಟು ಕಸಿದುಕೊಂಡು, ಸತ್ತವನನ್ನು ಎಬ್ಬಿಸಲು ಎಲ್ಲ ಗುಂಡಿಗಳನ್ನೂ ಒಂದೇ ಸವನೆ ಒತ್ತಿದರು. ಅವನು ಏಳಲಿಲ್ಲ, ಇವರ ಹಣೆಯಲ್ಲಿ ಬೆವರು ಬಂತು. ಅದೇ ಕೈಯಿಂದ ಹಣೆ, ಕಣ್ಣು ಒರೆಸಿಕೊಂಡರು. ನಾನೂ ಗಾಬರಿಯಲ್ಲಿ ಕಣ್ಣುಜ್ಜಿಕೊಂಡೆ. ರಿಮೋಟಿಗೆ, ಕೈಗೆ, ಎಲ್ಲಕ್ಕೂ ಮೆಣಸಿನಕಾಯಿ ಮೆತ್ತಿದ್ದು ಆಗ ನೆನಪಾಯಿತು.

ಐಶೂ ಎರಡೂ ಕೈಗೆ ಮೆಹಂದಿ ಹಚ್ಚಿಸಿಕೊಂಡು, ಬೆರಳು ಅಗಲಿಸಿಕೊಂಡು ಬಂದಾಗ ಅಜ್ಜ ಒಂದು ಕಂಬಕ್ಕೆ, ಅಜ್ಜಿ ಒಂದು ಕಂಬಕ್ಕೆ ಒರಗಿ ದಳದಳ ಕಣ್ಣೀರು ಸುರಿಸುತ್ತಿದ್ದೆವು. ಹುಡುಗಿ ಹೆದರಿ ಹೊಸ್ತಿಲಲ್ಲೇ ನಿಂತಳು.

"ಅಜ್ಜೀ, ಯಾರು ಸತ್ರು?"

"ನಿನ್ನ ಗಿಡ್ಡ ಸತ್ತನವ್ವಾ..." ಎಂದೆ.

ಐಶೂ ಟಿವಿ ನೋಡಿದಳು, ಕೆಂಪಾದ ನಮ್ಮ ನಾಲ್ಕು ಕಣ್ಣು ನೋಡಿದಳು, ರಿಮೋಟಿಗೆ ಅಂಟಿದ್ದ ಮೆಣಸಿನಕಾಯಿ ಬೀಜ ನೋಡಿದಳು. ಅಳುತ್ತಾಳೆಂದು ನಾನು ಸೆರಗು ಚಾಚಿದರೆ, ನಕ್ಕು ನಕ್ಕು ಮೆಹಂದಿಯ ಕೈಯನ್ನು ಗೋಡೆಗೆ ಒರಗಿಸಿಬಿಟ್ಟಳು. ಗೋಡೆಯ ಮೇಲೆ ಆ ಪುಟ್ಟ ಅಂಗೈ ಇವತ್ತಿಗೂ ಇದೆ. ಸುಣ್ಣ ಬಳಿಸುತ್ತೇನೆ ಎಂದವರ ಜೊತೆ ನಾನು ಮಾತು ಬಿಡುತ್ತೇನೆ.

ಆಮೇಲೆ ಶಿಕ್ಷೆ ಹೇಳಿದಳು: "ಸಾಯಿಸಿದಾಕಿ ನೀನು, ಗೆಲ್ಲಾಕಿನೂ ನೀನ. ಮೊದಲಿಂದ ಆಡು. ನೀ ಗೆಲ್ಲೋತನಕ ನಾ ಊರಿಗೆ ಹೋಗೂದಿಲ್ಲ."

ಇಂಥ ಶಿಕ್ಷೆ ಯಾವ ಅಜ್ಜಿಗೆ ಸಿಕ್ಕಿದೆ ಹೇಳಿ! ಕೈಗೆ ಎಣ್ಣೆ ಹಚ್ಚಿ, ಸಾಬೂನು ಹಾಕಿ ತೊಳೆದುಕೊಂಡು ಕೂತೆ. ಯಜಮಾನರು ಹಿಂದಿನಿಂದ ಬಂದು ಕಿವಿಯಲ್ಲಿ, "ಗೆದ್ದೀ, ಜ್ವಾಕಿ!" ಎಂದು ಎಚ್ಚರಿಸಿ ಹೋದರು.

ಅಂದಿನಿಂದ ದಿನಾ ಸಾಯುತ್ತಿದ್ದೇನೆ. ಸಂಜೆ ಅಳಿಯ ಫೋನ್ ಮಾಡಿದರೆ ಐಶೂ, "ಅಜ್ಜಿ ಇನ್ನೂ ಗೆದ್ದಿಲ್ಲಪ್ಪಾ" ಎನ್ನುತ್ತಾಳೆ. ಮೆಹಬೂಬಿ ಕಾಂಪೌಂಡಿನ ಆಚೆಯಿಂದ "ಹೆಂಗಿದ್ದೀರಿ ಅಕ್ಕಾ?" ಎಂದರೆ, "ಮುಂಜಾನಿಂದ ಬರೇ ಸಾಯಾಕತ್ತೇನಿ, ಮಸ್ತ್ ಐತಿ" ಎನ್ನುತ್ತೇನೆ. ನಿಮ್ಮಲ್ಲೇ ಇರಲಿ, ಆ ಕೊನೆಯ ತಗ್ಗನ್ನು ನಾನೀಗ ಕಣ್ಣು ಮುಚ್ಚಿ ಹಾರಬಲ್ಲೆ. ಮೆಣಸಿನಕಾಯಿ ಬಿಡಿಸಿದ ಹೆಬ್ಬೆರಳಿಗೆ ಅದೇನು ಮಹಾ? ಹುಡುಗಿಗೆ ಗೊತ್ತಾಗದಂತೆ ಬೀಳುವುದೇ ಕಷ್ಟದ ಕೆಲಸ. ಅದರಲ್ಲಿ ನಾನು ಪಳಗಿದ್ದೇನೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ನಿನ್ನೆ ಸಂಜೆ ಆಡುತ್ತ ಆಡುತ್ತ ಆ ತಗ್ಗಿನ ಹತ್ತಿರ ಬಂದಿದ್ದೆ. ಐಶೂ ಗಡಿಯಾರ ನೋಡಿ, ನನ್ನ ಮೊಣಕೈ ತಿವಿದು ಮೆಲ್ಲಗೆ ಅಂದಳು:

"ಅಜ್ಜೀ, ಇವತ್ತ ಲಗೂ ಬೀಳು. ಅಪ್ಪನ ಫೋನ್ ಬರೂ ಹೊತ್ತಾತು."